ಥರ್ಮಾಕೋಲ್ ಹೊಂಗೆ

(ಜಯನಗರದ ಒಂದು ಮನೆ. ಜೂನ್ 4ರ ರಾತ್ರಿ.)

ಮಗಳು: ಅಪ್ಪಾ, ನಾಳೆ ಪರಿಸರ ದಿನ. ಮರ ಮಾಡ್ಕೊಂಡು ಬನ್ನಿ ಅಂದಿದಾರೆ ಮಿಸ್ಸು.

ಅಪ್ಪ: ಫೋರ್ತ್ ಬ್ಲಾಕಿಂದ ಥರ್ಮಾಕೋಲ್ ತಂದಿದೀನಿ ಪುಟ್ಟಿ. ಅಮ್ಮ ಮಾಡ್ತಾಳೆ.

ಮಗಳು: 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ದೇಶದಲ್ಲೇ ನಿಷೇಧ!

ಅಪ್ಪ: ಅಲಂಕಾರಕ್ಕೆ ತಾನೇ? ಇದು ಪರಿಸರಕ್ಕೆ!

ತಾತ: ಮನೆ ಮುಂದಿನ ಹೊಂಗೆ ರೆಂಬೆ ಒಂದು ಸಾಲ್ದೇನೋ?

ಅಪ್ಪ: ಕಾರಿನ ಮೇಲೆ ಹೂ ಉದುರುತ್ತೆ ಅಂತ ಹೋದ ವಾರ ಕಡಿಸಿದ್ವಲ್ಲಪ್ಪಾ.

ಮಗಳು: ಆಮೇಲೆ ಇದನ್ನ ಯಾವ ಡಬ್ಬಕ್ಕೆ ಹಾಕ್ಲಿ? ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ...

ಅಪ್ಪ: ಡಬ್ಬ ಯಾಕೆ? ಕತ್ತಲಾದ್ಮೇಲೆ ಸಾರಕ್ಕಿ ಕೆರೆ ಹತ್ರ ಎಸೆದ್ರಾಯ್ತು. ಯಾರು ನೋಡ್ತಾರೆ?

ಮಗಳು: ಅಯ್ಯೋ! ನಾಳೆ ನಾಟಕದಲ್ಲಿ ನನ್ನ ಡೈಲಾಗೂ ಇದೇ ಅಪ್ಪಾ.

ಅಪ್ಪ: ಭೇಷ್! ಯಾವ ಪಾರ್ಟು?

ಮಗಳು: ರಾಕ್ಷಸಂದು.