ನಂಬರ್ ಹಾಕಿದ ಮಠ

ಅಮ್ಮ ಆರು ತಿಂಗಳ ವೀಸಾದಲ್ಲಿ ನ್ಯೂಜೆರ್ಸಿಗೆ ಬಂದು ಮೂರು ವಾರವಾಗಿತ್ತು. ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರನ ದರ್ಶನವಾಯಿತು, ಎಡಿಸನ್‌ನ ಶ್ರೀಕೃಷ್ಣ ವೃಂದಾವನವಾಯಿತು, ಓಕ್ ಟ್ರೀ ರೋಡಿನಲ್ಲಿ ಕರಿಬೇವಿನ ರೇಟು ಕೇಳಿ ಕೆನ್ನೆ ಬಡಿದುಕೊಂಡದ್ದೂ ಆಯಿತು. ಇನ್ನೇನು ತೋರಿಸುವುದು? ಹೆಂಡತಿ ಫೋನು ಜಾಲಾಡಿ, "ಮ್ಯಾನ್‌ಹ್ಯಾಟನ್‌ನಲ್ಲಿ ಹಳೇ ಮಠ ಇದೆ ರೀ, ಕ್ಲಾಯ್ಸ್ಟರ್ಸ್ ಅಂತ" ಎಂದಳು. ಮಠ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಮ್ಮ ಮೈಸೂರು ಸಿಲ್ಕ್ ಸೀರೆ ತೆಗೆದಳು. "ಅಲ್ಲೇ ಪ್ರಸಾದ ಇರತ್ತಲ್ಲ, ಬುತ್ತಿ ಯಾಕೆ?" ಎಂದಳು. ಅವಳ ಪಾಲಿಗೆ ಮಠ ಅಂದರೆ ತುಮಕೂರಿನ ಸಿದ್ಧಗಂಗೆ, ಹೋದವರು ಉಂಡೇ ಬರಬೇಕು. ಹೆಂಡತಿ ಮಾತಾಡದೆ ಚಿತ್ರಾನ್ನ ಕಟ್ಟಿಕೊಂಡಳು.

ಜಾರ್ಜ್ ವಾಷಿಂಗ್ಟನ್ ಸೇತುವೆಯಲ್ಲಿ ನ್ಯೂಯಾರ್ಕಿಗೆ ಹೋಗುವವರಿಗೆ ಮಾತ್ರ ಟೋಲ್. ನ್ಯೂಜೆರ್ಸಿಗೆ ವಾಪಸು ಬರುವುದು ಪುಕ್ಕಟೆ. ಯಾವ ರಾಜ್ಯಕ್ಕೆ ಎಷ್ಟು ಬೆಲೆ ಎಂಬುದು ಅಲ್ಲೇ ಇತ್ಯರ್ಥ. ಟಿಕೆಟ್ ಕೌಂಟರಿನಲ್ಲೂ ಅದೇ ಕಥೆ. ನ್ಯೂಯಾರ್ಕ್ ರಾಜ್ಯದವರು ಮನಸ್ಸಿಗೆ ಬಂದಷ್ಟು ಕೊಟ್ಟರಾಯಿತು, ನಮಗೆ ತಲೆಗೆ 30 ಡಾಲರ್. ಹಿರಿಯರೆಂದು ಅಮ್ಮನಿಗೆ 22. ನ್ಯೂಜೆರ್ಸಿಯ ವಿದ್ಯಾರ್ಥಿಗಳಿಗೂ ಮನಸ್ಸಿಗೆ ಬಂದಷ್ಟೇ ಆದ್ದರಿಂದ ಮಗಳು ಕಾಲೇಜಿನ ಐಡಿ ತೋರಿಸಿ ಒಂದು ಡಾಲರ್ ಕೊಟ್ಟಳು. ಆ ಕಾಲೇಜಿಗೆ ನಾನು ಕಟ್ಟಿದ ಹಣದಲ್ಲಿ ವಾಪಸು ಬಂದದ್ದು ಇಷ್ಟು. ಒಟ್ಟು 83 ಡಾಲರ್. ಅಮ್ಮ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ, "ಹುಂಡೀಗೂ ಮುಂಚೇನೇ?" ಎಂದಳು.

ಒಳಗೆ ಹೋದ ಮೇಲೆ ಗೊತ್ತಾಯಿತು: ಇದು ಎಂದೂ ಮಠವಾಗಿರಲೇ ಇಲ್ಲ. ಮ್ಯೂಸಿಯಂ ಅಂತಲೇ ಕಟ್ಟಿ, 1938ರಲ್ಲಿ ಬಾಗಿಲು ತೆರೆದದ್ದು. ನಮ್ಮ ಕೆಆರ್‌ಎಸ್ ಅಣೆಕಟ್ಟಿಗಿಂತ ಚಿಕ್ಕದು. ವಿಧಾನಸೌಧಕ್ಕಿಂತ 18 ವರ್ಷಕ್ಕೆ ದೊಡ್ಡದು, ಅಷ್ಟೆ. ಕಂಬಗಳು ಮಾತ್ರ ಅಸಲಿ, ಎಂಟುನೂರು ಒಂಬೈನೂರು ವರ್ಷದ ಹಿಂದಿನವು. ಜಾರ್ಜ್ ಗ್ರೇ ಬರ್ನಾರ್ಡ್ ಎಂಬ ಶಿಲ್ಪಿ ಫ್ರಾನ್ಸಿನ ಹಳ್ಳಿ ಹಳ್ಳಿ ಸುತ್ತಿ, ಪಾಳುಬಿದ್ದ ಮಠಗಳ ಕಲ್ಲು ಕೊಂಡು ಹಡಗಿಗೆ ಹಾಕಿದ. ಅದನ್ನೆಲ್ಲ 1925ರಲ್ಲಿ ಕೋಟ್ಯಧಿಪತಿ ರಾಕ್‌ಫೆಲರ್ ದುಡ್ಡಿನಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಕೊಂಡಿತು. ಸ್ಪೇನಿನ ಫ್ವೆಂತಿದ್ವೆನ್ಯ ಊರಿನ ಚರ್ಚಿನ ಗರ್ಭಗುಡಿಯನ್ನಂತೂ ಬಿಚ್ಚಿ, ಸುಮಾರು 3,300 ಕಲ್ಲಿಗೂ ನಂಬರ್ ಹಾಕಿ ತಂದು, ಇಲ್ಲಿ ಜೋಡಿಸಿ 1961ರಲ್ಲಿ ಜನರಿಗೆ ತೆರೆದರು. ಅದೂ ಸ್ಪೇನಿನಿಂದ ಕಡ ತಂದದ್ದು. ಅಮ್ಮನಿಗೆ ಇದೇನೂ ದೊಡ್ಡದೆನಿಸಲಿಲ್ಲ. 23 ಕೆಜಿಯ ಎರಡು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹುರಿಗಾಳು, ಸಂಡಿಗೆಗೆಲ್ಲ ಚೀಟಿ ಅಂಟಿಸಿ, ಒಂದೂ ಮುರಿಯದಂತೆ ತಂದವಳು ಅವಳು. ಕಡ ತಂದದ್ದನ್ನು ವಾಪಸು ಕೊಡದೆ ಇಟ್ಟುಕೊಳ್ಳುವುದೂ ನಮ್ಮ ಬೀದಿಗೆ ಹೊಸದಲ್ಲ.

"ಸ್ವಾಮಿಗಳೆಲ್ಲಿ?" ಎಂದಳು. ಇಲ್ಲ ಎಂದೆ. "ಪೂಜೆ?" ಇಲ್ಲ. "ಊಟ?" ಬೇಡಮ್ಮ ಎಂದೆ. ಕಂಬಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳಲು ಹೋದಳು. ಗಾರ್ಡ್ ಓಡಿ ಬಂದ. ಎಂಬತ್ತಮೂರು ಡಾಲರ್ ಕೊಟ್ಟ ದೇವರನ್ನು ಮುಟ್ಟುವ ಹಾಗಿಲ್ಲ ಎಂಬುದನ್ನು ಅವಳು ಇವತ್ತಿಗೂ ಒಪ್ಪಿಲ್ಲ.

ಯೂನಿಕಾರ್ನ್ ಕೋಣೆಯಲ್ಲಿ ಮಾತ್ರ ಬಹಳ ಹೊತ್ತು ನಿಂತಳು. ಏಳು ನೇಯ್ಗೆಯ ಪರದೆಗಳು, ಐನೂರು ವರ್ಷದ ಹಿಂದಿನವು, ರಾಕ್‌ಫೆಲರ್ 1937ರಲ್ಲಿ ಕೊಟ್ಟದ್ದು. ಕೊನೆಯದರಲ್ಲಿ ಒಂಟಿಕೊಂಬಿನ ಬಿಳಿ ಕುದುರೆ ದುಂಡನೆಯ ಬೇಲಿಯೊಳಗೆ ಕೂತಿದೆ, ಕೊರಳಲ್ಲಿ ಸರಪಳಿ. ಜಗತ್ತಿನ ಪಂಡಿತರು ಅದರಲ್ಲಿ ಕ್ರಿಸ್ತನನ್ನೂ ಪ್ರೇಮವನ್ನೂ ಕಂಡಿದ್ದಾರೆ. ಅಮ್ಮ ಕಂಡದ್ದು ಬೇರೆ: "ಪಾಪ, ದೊಡ್ಡಿಗೆ ಹಾಕವ್ರೆ. ಯಾರ ಹೊಲ ಮೇಯ್ದಿತ್ತೋ." ಫ್ರೆಂಚ್ ಕ್ರಾಂತಿಯ ಗಲಾಟೆಯಲ್ಲಿ ಈ ಪರದೆಗಳು ಲೂಟಿಯಾಗಿ, ರೈತರು ಆಲೂಗಡ್ಡೆಗೆ ಚಳಿ ತಾಗದಿರಲಿ ಎಂದು ಹೊದಿಸಿದ್ದರಂತೆ. ಇಲ್ಲಿರುವ ಸೇಂಟ್ ಗಿಯಮ್ ಮಠದ ಕಂಬಗಳೂ ಅಷ್ಟೆ. ಒಬ್ಬ ನ್ಯಾಯಾಧೀಶನ ತೋಟದಲ್ಲಿ ದ್ರಾಕ್ಷಿ ಚಪ್ಪರ ಹೊತ್ತು ನಿಂತಿದ್ದವು. ಮಗಳು "ಹೌ ಸ್ಯಾಡ್" ಎಂದಳು. ನನಗೆ ಯಾಕೋ ಸಮಾಧಾನವಾಯಿತು.

ಬಯಲು ಜಗಲಿಯಿಂದ ಹಡ್ಸನ್ ನದಿ, ಆಚೆ ದಡದಲ್ಲಿ ಕಡಿದಾದ ಬಂಡೆಯ ಸಾಲು, ಮೇಲೆ ಹಸಿರು. ಎದುರುಗಡೆ ಯಾರೂ ಮನೆ ಕಟ್ಟಿ ನೋಟ ಕೆಡಿಸಬಾರದೆಂದು ರಾಕ್‌ಫೆಲರ್ ಆ ದಡದ ಸುಮಾರು 700 ಎಕರೆಯನ್ನೂ ಕೊಂಡು ಪಾರ್ಕಿಗೆ ಬಿಟ್ಟ. ಆ ದಡ ನಮ್ಮ ನ್ಯೂಜೆರ್ಸಿ. ಟೋಲ್ ಕೊಟ್ಟು, ಟಿಕೆಟ್ ಕೊಂಡು, ಈಚೆ ದಡಕ್ಕೆ ಬಂದು ನಮ್ಮೂರನ್ನೇ ಬಾಯಿ ಬಿಟ್ಟು ನೋಡಿದೆವು. ಎಷ್ಟು ಚೆನ್ನಾಗಿದೆ ಎಂದು ಹೆಂಡತಿ ಹದಿನೇಳು ಫೋಟೊ ತೆಗೆದಳು.

ಹೊರಗೆ ಫೋರ್ಟ್ ಟ್ರೈಯನ್ ಪಾರ್ಕಿನ ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಒಂದು ತುತ್ತು ಬಾಯಿಗಿಟ್ಟು ಅಮ್ಮ, "ಇಂಥಾ ಕಲ್ಲು ನಮ್ಮ ಹಿತ್ತಲಲ್ಲೇ ಇತ್ತಲ್ಲೋ. ಕುದುರೆ ಮೇಲೆ ಕತ್ತಿ ಹಿಡಕೊಂಡೋನು, ಮೇಲೆ ಸೂರ್ಯ ಚಂದ್ರ. ನಾನು ಮದುವೆಯಾಗಿ ಬಂದಾಗಿಂದ ಅದರ ಮೇಲೇ ಬಟ್ಟೆ ಒಗೆದದ್ದು" ಎಂದಳು.

ವೀರಗಲ್ಲು! ನನ್ನೊಳಗಿನ ಬರ್ನಾರ್ಡ್ ಎದ್ದು ಕೂತ. ನಮ್ಮ ಅರಸೀಕೆರೆ ಸೀಮೆಯಲ್ಲಿ ಎಡವಿದರೆ ಹೊಯ್ಸಳರ ಕಾಲ. ನಮ್ಮಲ್ಲಿ ಶಾಸನವಿರುವ ಕಲ್ಲೇ ಮೋರಿಗೆ ಚಪ್ಪಡಿ, ಮಾಸ್ತಿಕಲ್ಲೇ ಎಮ್ಮೆ ಕಟ್ಟುವ ಗೂಟ. ಮುಟ್ಟಬೇಡಿ ಎನ್ನಲು ಗಾರ್ಡ್ ಎಲ್ಲಿ? ಊರಲ್ಲಿ ಆಗ ರಾತ್ರಿ ಹನ್ನೊಂದೂವರೆ. ತಡೆಯಲಾರದೆ ತಮ್ಮನಿಗೆ ಫೋನು ಮಾಡಿದೆ.

"ಹಿತ್ತಲ ಕಲ್ಲು ಎಲ್ಲಿದೆಯೋ?"

"ಯಾವ್ದಣ್ಣಾ, ಬಟ್ಟೆ ಒಗಿಯೋದಾ? ವಾಶಿಂಗ್ ಮಿಷಿನ್ ಬಂದ್ಮೇಲೆ ಮೋಟರ್ ಮನೆ ಬಾಗಿಲಿಗೆ ಮೆಟ್ಲಾಗಿ ಹಾಕಿದೀವಿ. ಬೋರಲು."

"ಅಯ್ಯೋ, ಅದು ಎಂಥಾ ಕಲ್ಲು ಗೊತ್ತೇನೋ!"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ನಿದ್ದೆಗಣ್ಣು ಬಿಟ್ಟದ್ದು ಹಡ್ಸನ್ ದಡಕ್ಕೂ ಕೇಳಿಸಿತು.

"ಯಾಕಣ್ಣಾ, ಅಲ್ಲಿ ಯಾರಾದ್ರೂ ಕೇಳ್ತವ್ರಾ?"