ಡಿಶ್‌ವಾಷರಿನ ತಳದಲ್ಲಿ ಕುಳಿತವರಿಗೆ ಬಹಿರಂಗ ಪತ್ರ

ಇವರಿಗೆ,
ಶ್ರೀ ತೇಲುವ ಥರ್ಮೋಕೋಲ್ ತುಂಡು,
ತಳದ ತಟ್ಟೆ, ಡಿಶ್‌ವಾಷರ್,
ಸಿಂಕಿನ ಎಡಪಕ್ಕ, ಅಡುಗೆಮನೆ, ಬೆಂಗಳೂರು.

ವಿಷಯ: ಕರ್ತವ್ಯದಲ್ಲಿ ಅತಿಯಾದ ನಿಷ್ಠೆ ತೋರಿದ ಬಗ್ಗೆ ಕಾರಣ ಕೇಳಿ ನೋಟಿಸ್.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ನೆಂಟರೆಲ್ಲ ಬಿಸಿಬೇಳೆಬಾತ್ ಉಂಡು ಹೊರಟ ರಾತ್ರಿ ತಾವು ಯಾರ ಅನುಮತಿಯನ್ನೂ ಪಡೆಯದೆ ಇಡೀ ಯಂತ್ರವನ್ನು ಸ್ಥಗಿತಗೊಳಿಸಿದ್ದೀರಿ. ಪರದೆಯ ಮೇಲೆ ಇಂಗ್ಲಿಷಿನ ಒಂದು ಅಕ್ಷರ, ಪಕ್ಕದಲ್ಲಿ ಎರಡಂಕಿ. ಒಳಗೆ ನೀರು ಹೊರಹಾಕುವ ಪಂಪು ಗುಂಯ್‌ಗುಡುತ್ತಲೇ ಇತ್ತು. ಬಟನ್ ಒತ್ತಿದರೆ ಕೇಳಲಿಲ್ಲ, ಗೋಡೆಯ ಸ್ವಿಚ್ಚನ್ನೇ ಆರಿಸಬೇಕಾಯಿತು. ನೆಲದ ಮೇಲೆ ನೋಡಿದರೆ ಒಂದು ಹನಿ ಇಲ್ಲ. ಅಂದರೆ ಯಾರ ಕಣ್ಣಿಗೂ ಬೀಳದ ಸೋರಿಕೆಯನ್ನು ತಾವು ಕಂಡಿದ್ದೀರಿ, ಕಂಡದ್ದೂ ಅಲ್ಲದೆ ಹೇಳಿಯೂ ಬಿಟ್ಟಿದ್ದೀರಿ. ನಮ್ಮಲ್ಲಿ ಇದಕ್ಕೆ ಶಿಸ್ತುಕ್ರಮ ಉಂಟು.

ತಮ್ಮ ಹುದ್ದೆಯ ಸ್ವರೂಪವನ್ನು ಪರಿಶೀಲಿಸಲಾಯಿತು. ಯಂತ್ರದ ಅಡಿಯಲ್ಲೊಂದು ತಟ್ಟೆ. ತೊಟ್ಟಿಯಿಂದಾಗಲಿ ಪೈಪಿನಿಂದಾಗಲಿ ಜಾರಿದ ನೀರೆಲ್ಲ ಅಲ್ಲಿಗೇ ಬರಬೇಕು. ಒಂದಿಷ್ಟು ನೀರು ನಿಂತರೆ ಸಾಕು, ತಾವು ತೇಲುತ್ತೀರಿ. ತಮ್ಮ ಜೊತೆ ಒಂದು ಸಣ್ಣ ಕಡ್ಡಿ ಏಳುತ್ತದೆ, ಸ್ವಿಚ್ಚು ಟಿಕ್ ಎನ್ನುತ್ತದೆ, ಒಳಬರುವ ನೀರು ಬಂದ್, ಪಂಪು ಚಾಲೂ. ಓದಿಲ್ಲ, ಬರೆದಿಲ್ಲ, ಹತ್ತು ಗ್ರಾಂ ತೂಕವೂ ಇಲ್ಲ. ಇಷ್ಟು ಕಡಿಮೆ ಅರ್ಹತೆಯವರಿಗೆ ಇಷ್ಟು ಅಧಿಕಾರ ಕೊಟ್ಟವರು ಯಾರೋ!

ತಮ್ಮ ಈ ನಡವಳಿಕೆಯಿಂದ ಸರ್ವೀಸಿನವರಿಗೆ ಆದ ಮುಜುಗರವನ್ನೂ ದಾಖಲಿಸಬೇಕಿದೆ. ಬಂದವರು ಮೊದಲು "ಸರ್ ಇಲ್ವಾ ಮೇಡಂ?" ಎಂದು ವಿಚಾರಿಸಿದರು. ಸರ್ ಆಫೀಸಿನಲ್ಲಿದ್ದಾರೆ, ಮಿಷನ್ನು ಇಲ್ಲೇ ಇದೆ ಎಂದೆ. ಇಬ್ಬರು ಸೇರಿ ಯಂತ್ರವನ್ನು ಹಿಂದಕ್ಕೆ ವಾಲಿಸಿ, ತಟ್ಟೆಯ ನೀರನ್ನು ಬಟ್ಟೆಗೆ ಹರಿಸಿ, ನೆಟ್ಟಗೆ ನಿಲ್ಲಿಸಿದರು. ತಾವು ಕೆಳಗಿಳಿದಿರಿ, ಅಕ್ಷರ ಮಾಯವಾಯಿತು, ವಿಸಿಟಿಂಗ್ ಚಾರ್ಜ್ ಪಾವತಿಯಾಯಿತು. ಸೋರುವ ಜಾಗ ಯಾವುದೆಂದು ಯಾರೂ ಕೇಳಿರಲಿಲ್ಲವಾಗಿ ಅದು ಸೋರುತ್ತಲೇ ಇತ್ತು. ತಾವು ಮತ್ತೆ ತೇಲಿದಿರಿ. ಈ ಸಲ "ಪಿಸಿಬಿ ಹೋಗಿದೆ ಮೇಡಂ, ಎಂಟು ಸಾವಿರ ಆಗತ್ತೆ" ಎಂಬ ವರದಿ ಬಂತು. ಒಂದು ಥರ್ಮೋಕೋಲ್ ತುಂಡು ನಿಜ ಹೇಳುತ್ತಿರಬಹುದು ಎಂಬುದಕ್ಕಿಂತ ಇಡೀ ಸರ್ಕ್ಯೂಟ್ ಬೋರ್ಡೇ ಸುಳ್ಳು ಹೇಳುತ್ತಿದೆ ಎಂದು ನಂಬುವುದು ಸುಲಭ ನೋಡಿ. ನಾನು ಅನುಮಾನಿಸಿದಾಗ ಪರ್ಯಾಯವೂ ಸಿಕ್ಕಿತು: "ಇಲ್ಲಾಂದ್ರೆ ಈ ಸ್ವಿಚ್ಚೇ ಬೈಪಾಸ್ ಮಾಡ್ಬಿಡ್ತೀನಿ, ಎರರ್ರೇ ಬರಲ್ಲ."

ಎರರ್ ಬರುವುದಿಲ್ಲ ಎಂಬುದು ಸತ್ಯವೇ. ಪಂಪಿನ ವೈರುಗಳ ಪಕ್ಕ ನೀರು ನಿಲ್ಲುತ್ತದೆ, ಕ್ಯಾಬಿನೆಟ್ಟಿನ ಪ್ಲೈವುಡ್ ಉಬ್ಬುತ್ತದೆ, ಕೆಳಮನೆಯವರ ಸೀಲಿಂಗಿನಲ್ಲಿ ನಕಾಶೆ ಮೂಡುತ್ತದೆ. ಎರರ್ ಮಾತ್ರ ಬರುವುದಿಲ್ಲ.

ಹೀಗಾಗಿ ತನಿಖೆಯನ್ನು ನಾನೇ ಕೈಗೆತ್ತಿಕೊಳ್ಳಬೇಕಾಯಿತು. ಪ್ಲಗ್ ಕಿತ್ತು, ನಲ್ಲಿ ತಿರುಗಿಸಿ, ಅಡಿಯ ಅಡ್ಡಪಟ್ಟಿಯ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ಬೋರಲು ಮಲಗಿದೆ. ತಟ್ಟೆಯ ನೀರಿಗೆ ಬೆರಳದ್ದಿದರೆ ಜಿಡ್ಡು. ಮೂಗಿಗೆ ಹಿಡಿದರೆ ಇಂಗು. ನಲ್ಲಿಯಿಂದ ಬರುವ ನೀರಿಗೆ ಇಂಗಿನ ವಾಸನೆ ಇರುವುದಿಲ್ಲ. ಆದ್ದರಿಂದ ಒಳಬರುವ ಪೈಪು ಮತ್ತು ವಾಲ್ವನ್ನು ಆ ಕ್ಷಣವೇ ಖುಲಾಸೆ ಮಾಡಲಾಯಿತು. ತಟ್ಟೆಯನ್ನು ಸ್ಪಂಜಿನಿಂದ ಒರೆಸಿ, ಹಳೇ ಪೇಪರು ಹಾಸಿ, ಯಂತ್ರವನ್ನು ಹಂತಹಂತವಾಗಿ ಓಡಿಸಿದೆ; ಅಡಿಗೆ ಕೈ ಹಾಕುವಾಗೆಲ್ಲ ಮತ್ತೆ ಪ್ಲಗ್ ಕಿತ್ತು. ನೀರು ತುಂಬುವಾಗ ಪೇಪರು ಒಣಗಿತ್ತು. ಕೊಳೆನೀರು ಹೊರಹೋಗುವಾಗಲೂ ಒಣಗಿತ್ತು, ಅಲ್ಲಿಗೆ ಡ್ರೈನ್ ಪೈಪೂ ನಿರಪರಾಧಿ. ತೊಳೆಯಲು ಶುರುವಾದ ಸ್ವಲ್ಪ ಹೊತ್ತಿಗೆ ಮುಂಭಾಗದಲ್ಲಿ, ಬಾಗಿಲಿನ ಕೀಲಿನ ಹತ್ತಿರ, ಪೇಪರಿನ ಒಂದು ಮೂಲೆ ಕಪ್ಪಾಯಿತು.

ಯಾವಾಗ ಸೋರುತ್ತದೆ ಎಂದು ಗೊತ್ತಾದರೆ ಎಲ್ಲಿ ಎಂಬುದು ಅರ್ಧ ಗೊತ್ತಾದಂತೆ. ಈ ಮೂಲತತ್ವಕ್ಕೆ ಯಾವ ಕಂಪನಿಯೂ ವಿಸಿಟಿಂಗ್ ಚಾರ್ಜ್ ಹಾಕುವುದಿಲ್ಲ, ಅದಕ್ಕೇ ಇರಬೇಕು ಯಾರೂ ಹೇಳುವುದೂ ಇಲ್ಲ.

ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ಮೆತ್ತಗೇ ಇತ್ತು. ಅದಕ್ಕಂಟಿದ್ದ ಒಂದು ಕರಿಬೇವಿನ ಎಸಳನ್ನು ತೆಗೆದೆ. ಯಂತ್ರ ಮುಂದಕ್ಕೆ ವಾಲಿರಲಿಲ್ಲ. ನೊರೆಯೂ ಇಲ್ಲ. (ಡಿಶ್‌ವಾಷರ್ ಪುಡಿ ಮುಗಿದಾಗ ಸಿಂಕಿನ ಪಾತ್ರೆ ಸೋಪನ್ನು ಸುರಿಯುವವರುಂಟು. ಅವರ ಮನೆಯಲ್ಲಿ ನೊರೆ ಬಾಗಿಲು ದಾಟಿ ಹಾಲ್ ನೋಡಲು ಬರುತ್ತದೆ.) ಉಳಿದದ್ದು ಕೆಳಗಿನ ಸ್ಪ್ರೇ ಆರ್ಮ್, ತಿರುಗುತ್ತ ನೀರು ಚಿಮ್ಮುವ ಆ ರೆಕ್ಕೆ. ಎಳೆದು ತೆಗೆದು ನಲ್ಲಿಗೆ ಹಿಡಿದೆ. ತೂತುಗಳಿಂದ ಬರಬೇಕಾದ ನೀರು ಪ್ಲಾಸ್ಟಿಕ್ಕಿನ ಎರಡು ಹೋಳು ಕೂಡುವ ಅಂಚಿನಿಂದ ಬೀಸಣಿಗೆಯಂತೆ ಹರಡಿತು. ತೂತುಗಳಲ್ಲಿ ಸಾಸಿವೆ, ಸಾಸಿವೆಯ ಸುತ್ತ ಬೋರ್‌ವೆಲ್ ನೀರಿನ ಬಿಳಿ ಗಾರೆ. ಇಲಿನಾಯ್‌ನ ಜೋಸೆಫೀನ್ ಕೊಕ್ರೇನ್ 1886ರಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ಈ ಯಂತ್ರದ ಗುಟ್ಟೆಲ್ಲ ಇರುವುದು ಒತ್ತಡದ ನೀರಿನಲ್ಲಿ. ದಾರಿ ಕಟ್ಟಿದರೆ ಒತ್ತಡ ಬೇರೆ ದಾರಿ ಹುಡುಕುತ್ತದೆ. ಸೀಳಿನಿಂದ ಚಿಮ್ಮಿದ ನೀರು ನೇರ ಬಾಗಿಲಿನ ಕೆಳಅಂಚಿಗೆ ಬಡಿದು, ಅಲ್ಲಿಂದ ಕೀಲಿನ ಬದಿಗೆ ಇಳಿದು, ತಮ್ಮ ಸನ್ನಿಧಿಗೆ ಬರುತ್ತಿತ್ತು. ಅಂದಹಾಗೆ ಕೊಕ್ರೇನ್ ಅವರಿಗೆ ಪಾತ್ರೆ ತೊಳೆದು ಕೈ ನೊಂದಿರಲಿಲ್ಲವಂತೆ. ಆಳುಗಳ ಕೈಯಲ್ಲಿ ಪಿಂಗಾಣಿ ಚಕ್ಕೆ ಏಳುತ್ತಿದ್ದದ್ದೇ ನೋವು. ನಾವು 2020ರ ಲಾಕ್‌ಡೌನಿನಲ್ಲಿ, ಕೆಲಸದವರು ಬರುವಂತಿಲ್ಲದಾಗ, ಸ್ವಂತ ಕೈ ನೊಂದು ಯಂತ್ರ ಕೊಂಡವರು.

ಹೊಸ ಸ್ಪ್ರೇ ಆರ್ಮಿಗೆ ಸಾವಿರ ಚಿಲ್ಲರೆ. ಕೂರಿಸಲು ಒಂದು ಒತ್ತು. ಪೇಪರು ಒಣಗಿಯೇ ಉಳಿಯಿತು. ನೀರನ್ನು ಮೆದುಗೊಳಿಸುವ ಉಪ್ಪು ಡಬ್ಬಿಯಲ್ಲಿ ಇದೆಯೇ ಎಂದು ಈಗ ಅತ್ತೆಯೇ ನೋಡುತ್ತಾರೆ. ಆದರೆ "ತೊಳೆದಿಟ್ಟ ಪಾತ್ರೆ ತೊಳೆಯೋಕೊಂದು ಮಿಷನ್ನು" ಎಂಬ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ.

ಈಗ ತಮ್ಮ ಮೇಲಿನ ಆರೋಪಕ್ಕೆ ಬರೋಣ. ತಾವು ಕಾಯುತ್ತಿರುವುದು ಎಷ್ಟು ನೀರನ್ನು? ಒಂದೆರಡು ಲೋಟ. ಈ ಊರಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಪಂಪುಗಳ ಬಲದಿಂದ ಹತ್ತಿ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ಬೇಸಿಗೆಯಲ್ಲಿ ಬಕೆಟ್ಟಿಗೆ ಬಕೆಟ್ಟು ಲೆಕ್ಕ ಹಾಕಿದ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಓವರ್‌ಹೆಡ್ ಟ್ಯಾಂಕು ತುಂಬಿ ಮೆಟ್ಟಿಲ ಮೇಲೆ ಜಲಪಾತವಾಗುತ್ತದೆ. ಗ್ರೂಪಿನಲ್ಲಿ ಯಾರೋ ವಿಡಿಯೋ ಹಾಕುತ್ತಾರೆ, ಯಾರೋ ಕೈಮುಗಿದ ಚಿತ್ರ ಹಾಕುತ್ತಾರೆ, ಪಂಪು ಓಡುತ್ತಿರುತ್ತದೆ. ಆ ಟ್ಯಾಂಕಿನಲ್ಲೂ ತಮ್ಮ ಜಾತಿಯ ಫ್ಲೋಟೊಂದು ಇತ್ತು. ಪದೇಪದೇ ಪಂಪು ನಿಲ್ಲಿಸಿ ತೊಂದರೆ ಕೊಡುತ್ತದೆಂದು ಅದರ ವೈರನ್ನು ಬೈಪಾಸ್ ಮಾಡಲಾಗಿದೆ. ತಾವು ಅದರಿಂದ ಪಾಠ ಕಲಿಯಬಹುದಿತ್ತು.

ಆದುದರಿಂದ ಏಳು ದಿನಗಳೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು. ಅಲ್ಲಿಯವರೆಗೆ ತಾವು ಇದ್ದಲ್ಲೇ ಮುಂದುವರಿಯಿರಿ. ತಮ್ಮನ್ನು ಟ್ಯಾಂಕಿಗೆ ನಿಯೋಜನೆ ಮೇಲೆ ಕಳಿಸಬೇಕೆಂದು ಅಸೋಸಿಯೇಷನ್ ಕಾರ್ಯದರ್ಶಿಯವರು ನನ್ನ ಕತೆ ಕೇಳಿ ಬಾಯಿಮಾತಿನಲ್ಲಿ ಕೋರಿದ್ದಾರೆ, ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಇಂತಿ,
ಯಂತ್ರದ ಮಾಲೀಕಳು

ಅಡಕ: ಸೀಳಿದ ಸ್ಪ್ರೇ ಆರ್ಮ್ ಒಂದು, ಸಾಸಿವೆ ಸಮೇತ.
ಪ್ರತಿ: ಸರ್ವೀಸಿನವರಿಗೆ, ಮಾಹಿತಿಗಾಗಿ. ಕೆಳಮನೆಯವರಿಗೆ, ನೆಮ್ಮದಿಗಾಗಿ. ಆಫೀಸಿನಲ್ಲಿರುವ ಸರ್ ಅವರಿಗೆ, ಅಡ್ಡಪಟ್ಟಿಯ ಸ್ಕ್ರೂಗಳನ್ನು ವಾಪಸು ಹಾಕುವುದಕ್ಕಾಗಿ.