ಮೊದಲು ಮೊಳೆ, ಆಮೇಲೆ ಸೂತ್ರ

ಪ್ರಥಮ ಪಿಯುಸಿಗೆ ಗಣಿತ ಹೇಳಿಕೊಡುವ ಎಲ್ಲ ಉಪನ್ಯಾಸಕರಿಗೆ ನಮಸ್ಕಾರ.

ಕಳೆದ ಭಾನುವಾರ ತಂಗಿಯ ಮಗಳು ನೋಟ್‌ಬುಕ್ ಹಿಡಿದು ಬಂದಿದ್ದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಸೈನ್ಸ್. ಪುಟದ ನಡುವೆ ಕೆಂಪು ಚೌಕಟ್ಟಿನಲ್ಲಿ ವೃತ್ತದ ಉದ್ದನೆಯ ಸಮೀಕರಣ. "ಎಚ್, ಕೆ ಎರಡಕ್ಕೂ ಸೊನ್ನೆ ಹಾಕಿದ್ರೆ ಆಯ್ತು ಮಾವ, ಕೇಂದ್ರ ಮೂಲಬಿಂದು" ಎಂದಳು. ನಾನು 'ಎಕ್ಸ್² + ವೈ² = 25' ಎಂದು ಬರೆದು ತ್ರಿಜ್ಯ ಎಷ್ಟು ಅಂತ ಕೇಳಿದೆ.

"ಇಪ್ಪತ್ತೈದು."

ಅಂಗಳಕ್ಕೆ ಕರೆದುಕೊಂಡು ಹೋದೆ. ಒಂದು ಮೊಳೆ ಹೊಡೆದು, 5 ಅಡಿ ಹುರಿ ಕಟ್ಟಿ, ತುದಿಗೆ ಸೀಮೆಸುಣ್ಣ ಕೊಟ್ಟೆ. ಹುರಿ ಬಿಗಿ ಹಿಡಿದು ಒಂದು ಸುತ್ತು ಬಂದಳು. ಆ ಗೆರೆಯ ಮೇಲೆ, ಮೊಳೆಯಿಂದ ಪೂರ್ವಕ್ಕೆ 3 ಅಡಿ, ಅಲ್ಲಿಂದ ಉತ್ತರಕ್ಕೆ 4 ಅಡಿ ಇರುವ ಜಾಗದಲ್ಲಿ ನಿಲ್ಲಿಸಿದೆ. ಲಂಬಕೋನ ತ್ರಿಭುಜ ಕಾಲಡಿಯಲ್ಲೇ ಇತ್ತು. ಕರ್ಣ ಅವಳ ಕೈಯಲ್ಲಿದ್ದ ಹುರಿ. ಒಂಬತ್ತು, ಹದಿನಾರು, ಇಪ್ಪತ್ತೈದು ಎಂದು ಎಣಿಸಿ, "ಅಯ್ಯೋ, ತ್ರಿಜ್ಯ ಐದು!" ಎಂದಳು. ಆಮೇಲೆ ನಾನು ಹೇಳಿಕೊಡಬೇಕಾಗಿ ಬರಲಿಲ್ಲ. 4 ಮತ್ತು 3 ಆದರೂ ಸರಿ, ಪಶ್ಚಿಮಕ್ಕೆ ಹೋದರೆ ಮೈನಸ್ 3, ಆದರೆ ವರ್ಗ ಮಾಡಿದರೆ ಮತ್ತೆ ಒಂಬತ್ತೇ. ಪೂರ್ಣಾಂಕ ಸಿಗುವ ಜಾಗಗಳಿಗೆಲ್ಲ ಒಂದೊಂದು ಕಲ್ಲಿಟ್ಟಳು. ಹನ್ನೆರಡು ಕಲ್ಲು.

ಮೂಲಬಿಂದುವಿನಿಂದ ಒಂದು ಬಿಂದುವಿಗಿರುವ ದೂರ ಕಂಡುಹಿಡಿಯುವುದನ್ನು ಈ ಮಕ್ಕಳು ಹತ್ತನೇ ತರಗತಿಯಲ್ಲೇ ಕಲಿತಿರುತ್ತಾರೆ. ಆ ದೂರ ಎಲ್ಲೆಡೆ ಒಂದೇ ಇರಲಿ ಎಂದರೆ ವೃತ್ತ. ಎರಡೂ ಕಡೆ ವರ್ಗ ಮಾಡಿದರೆ ಸಮೀಕರಣ. ಗೊತ್ತಿದ್ದದ್ದನ್ನೇ ಹೊಸ ಸೂತ್ರವೆಂದು ಬಾಯಿಪಾಠ ಮಾಡಿಸುತ್ತಿದ್ದೇವಲ್ಲ ಎಂಬುದೇ ನನ್ನ ಸಂಕಟ. ಬೌಧಾಯನರ ಶುಲ್ಬಸೂತ್ರದಲ್ಲಿ ಕರ್ಣದ ಈ ನಿಯಮವಿದೆ, 'ಶುಲ್ಬ' ಎಂದರೇ ಹಗ್ಗ. ರೇಖೆಗಳನ್ನು ಬೀಜಗಣಿತಕ್ಕೆ ಇಳಿಸುವ ದೇಕಾರ್ತನ ಪುಸ್ತಕ ಬಂದದ್ದು 1637ರಲ್ಲಿ. ಹಗ್ಗ ಮೊದಲು, ಅಕ್ಷರ ಆಮೇಲೆ. ನಮ್ಮ ತರಗತಿಯಲ್ಲಿ ಮಾತ್ರ ತಿರುವುಮುರುವು.

ಸಿಲಬಸ್ ಮುಗಿಸುವ ಒತ್ತಡ ನಿಮಗೆಷ್ಟಿದೆ ಎಂದು ಬಲ್ಲೆ. ಆದರೂ ಮೊದಲ ದಿನ ಹತ್ತು ನಿಮಿಷ ಹುರಿಗೆ ಕೊಡಿ. ಬೋರ್ಡಿನ ಮೇಲೆ ರೇಡಿಯಸ್ ಪಕ್ಕದಲ್ಲಿ ತ್ರಿಜ್ಯ ಎಂದೂ, ಆರಿಜಿನ್ ಪಕ್ಕದಲ್ಲಿ ಮೂಲಬಿಂದು ಎಂದೂ ಬರೆಯಿರಿ. ಹಳ್ಳಿಯಿಂದ ಬಂದ ಮಗುವಿಗೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಹುರಿ ಸುತ್ತಿಡುವಾಗ ಅವಳು ಕೇಳಿದಳು: "ಮಾವ, ಮೊಳೆಯನ್ನು ತುಳಸಿಕಟ್ಟೆ ಹತ್ತಿರ ಹೊಡೆದಿದ್ರೆ ಸಮೀಕರಣ ಏನಾಗ್ತಿತ್ತು?"

ಕೆಂಪು ಚೌಕಟ್ಟಿನ ಆ ಸೂತ್ರವನ್ನು ಅವಳಿಗೆ ಆಗ ಹೇಳಿಕೊಟ್ಟೆ.

ಇಂತಿ,
ನಿವೃತ್ತ ಹೈಸ್ಕೂಲ್ ಮೇಷ್ಟ್ರು